ಎಳೆಗರಿಯ ರಕ್ತ ಮತ್ತು ಹಿಂಸೆಯ ಲೆಕ್ಕ

ಸಾಕುಹಕ್ಕಿಯ ರೆಕ್ಕೆಯಲ್ಲಿ ಮುರಿದು ರಕ್ತ ಸೋರುತ್ತಿರುವ ಎಳೆಗರಿಯನ್ನು ಕಿತ್ತು ತೆಗೆಯಬೇಕೇ ಅಥವಾ ಅದರ ಪಾಡಿಗೆ ಬಿಡಬೇಕೇ ಎಂಬುದು ಮೇಲ್ನೋಟಕ್ಕೆ ಪಶುವೈದ್ಯರಿಗೆ ಸೇರಿದ, ಐದು ನಿಮಿಷದಲ್ಲಿ ತೀರ್ಮಾನವಾಗಬೇಕಾದ ಸಂಗತಿಯಾಗಿ ಕಾಣುತ್ತದೆ. ಆದರೆ ಆ ಐದು ನಿಮಿಷದೊಳಗೆ ಧರ್ಮಶಾಸ್ತ್ರಗಳೂ ದರ್ಶನಗಳೂ ಶತಮಾನಗಳ ಕಾಲ ಚರ್ಚಿಸಿರುವ ಪ್ರಶ್ನೆಗಳು ಅಡಗಿವೆ. ದೇಹದಲ್ಲಿ ಜೀವವಿರುವ ಭಾಗ ಎಲ್ಲಿ ಮುಗಿದು ಜಡ ಎಲ್ಲಿಂದ ಆರಂಭವಾಗುತ್ತದೆ, ನೋವುಂಟುಮಾಡುವ ಕ್ರಿಯೆ ಯಾವಾಗ ಹಿಂಸೆಯೆನಿಸುತ್ತದೆ, ನೋವನ್ನು ಶಮನಗೊಳಿಸಲು ಮುಂದಾದವನೇ ಆ ನೋವಿಗೆ ಮೂಲಕಾರಣನೂ ಆಗಿದ್ದರೆ ಅವನ ದಯೆಯನ್ನು ಹೇಗೆ ಎಣಿಸಬೇಕು ಎಂಬ ಈ ಪ್ರಶ್ನೆಗಳಿಗೆ ಕರ್ನಾಟಕದಲ್ಲಿ ದೀರ್ಘಕಾಲ ಬಾಳಿದ ಜೈನ ಮತ್ತು ವೇದಾಂತ ಚಿಂತನೆಗಳಲ್ಲಿ ಸಿದ್ಧ ಉತ್ತರಗಳಿಲ್ಲವಾದರೂ, ಉತ್ತರದ ಕಡೆಗೆ ಸಾಗಲು ಬೇಕಾದ ಪರಿಭಾಷೆ ಧಾರಾಳವಾಗಿದೆ.

ಬೆಂಗಳೂರಿನ ಉತ್ತರ ಭಾಗದ ಮತ್ತಿಕೆರೆಯಂಥ ಬಡಾವಣೆಯಲ್ಲಿ ಈ ಪ್ರಶ್ನೆ ಪುಸ್ತಕದೊಳಗೆ ಉಳಿಯುವಂಥದಲ್ಲ. ಒಂದರ ಗೋಡೆಗೆ ಇನ್ನೊಂದು ತಾಗಿ ನಿಂತ ಮನೆಗಳಲ್ಲಿ, ಅಂಗಳವಿಲ್ಲದ ಮೇಲಂತಸ್ತುಗಳಲ್ಲಿ, ನಾಯಿ ಸಾಕುವುದಕ್ಕೆ ಮಾಲೀಕರು ಒಪ್ಪದ ಬಾಡಿಗೆ ಮನೆಗಳಲ್ಲಿ ಪಂಜರದ ಹಕ್ಕಿ ಸುಲಭವಾಗಿ ಜಾಗ ಪಡೆಯುತ್ತದೆ. ಅಂಗಡಿಯವರೂ ಕೊಳ್ಳುವವರೂ ‘ಲವ್ ಬರ್ಡ್ಸ್’ ಎಂದು ಕರೆಯುವ ಹಕ್ಕಿಗಳು ಬಹುಮಟ್ಟಿಗೆ ಆಸ್ಟ್ರೇಲಿಯಾ ಮೂಲದ ಬಜರಿಗಾರ್‌ಗಳು. ಅವುಗಳ ಜೊತೆಗೆ ಅದೇ ಖಂಡದ, ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಹಾಗೂ ಆಫ್ರಿಕಾದ ನಿಜವಾದ ಲವ್ ಬರ್ಡ್‌ಗಳೂ ಮಾರಾಟವಾಗುತ್ತವೆ. ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ಈ ನೆಲದ ಹಸಿರು ಗಿಣಿಯನ್ನು ಹಿಡಿಯುವುದಾಗಲಿ ಮಾರುವುದಾಗಲಿ ಸಾಕುವುದಾಗಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 1972ರ ಆ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಈ ಗಿಣಿಯನ್ನು ಎರಡನೆಯ ಅನುಸೂಚಿಗೆ ಸೇರಿಸಿದೆ. ಹೀಗಾಗಿ ಮತ್ತಿಕೆರೆಯ ಜೆ.ಪಿ. ಪಾರ್ಕಿನ ಮರಗಳಲ್ಲಿ ಸಂಜೆ ಗಲಾಟೆ ಮಾಡುವ ಗಿಣಿಗೆ ಕಾನೂನು ಆಕಾಶವನ್ನು ಕೊಟ್ಟಿದೆ, ಅದೇ ಕುಲದ ಪರದೇಶಿ ನೆಂಟನಿಗೆ ಎದುರಿನ ಬಾಲ್ಕನಿಯ ಪಂಜರವನ್ನು ಬಿಟ್ಟುಕೊಟ್ಟಿದೆ. ಈ ವಿಂಗಡಣೆಗೆ ಆಡಳಿತದ ಕಾರಣಗಳಿರಬಹುದು. ರೆಕ್ಕೆಯ ಕಡೆಯಿಂದ ನೋಡಿದರೆ ಕಾರಣ ಕಾಣುವುದಿಲ್ಲ.

ಗರಿಯ ರಚನೆಯನ್ನು ಅರಿಯದೆ ಮುಂದಿನ ಚರ್ಚೆ ಸಾಧ್ಯವಿಲ್ಲ. ಬಲಿತ ಗರಿ ಎಂದರೆ ಕೆರಟಿನ್ ಎಂಬ ಪದಾರ್ಥದಿಂದಾದ, ಅಂದರೆ ಮನುಷ್ಯನ ಕೂದಲು ಮತ್ತು ಉಗುರುಗಳ ಜಾತಿಗೇ ಸೇರಿದ ಪ್ರೋಟೀನಿನಿಂದಾದ, ರಕ್ತವಾಗಲಿ ನರವಾಗಲಿ ಇಲ್ಲದ ನಿರ್ಜೀವ ರಚನೆ. ಆದರೆ ಅದು ಹುಟ್ಟುವಾಗ ಹಾಗಿರುವುದಿಲ್ಲ. ಚರ್ಮದ ಗುಳಿಯೊಂದರಿಂದ ಮೊಳೆತು ಹೊರಬರುವ ಎಳೆಗರಿ ಮೇಣದಂಥ ಹೊಳಪಿನ ಪೊರೆಯೊಳಗೆ ಸುರುಳಿ ಸುತ್ತಿಕೊಂಡಿರುತ್ತದೆ. ಅದರ ನಳಿಕೆಯೊಳಗೆ ರಕ್ತನಾಳಗಳು ಹಾದುಬಂದು ಬೆಳವಣಿಗೆಗೆ ಬೇಕಾದ ಪೋಷಣೆಯನ್ನು ಒದಗಿಸುತ್ತಿರುತ್ತವೆ. ತಿಳಿಬಣ್ಣದ ಹಕ್ಕಿಯ ರೆಕ್ಕೆಯನ್ನು ಮೆಲ್ಲನೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರೆ, ಬಲಿತ ಗರಿಗಳ ಬುಡ ಹಾಲುಬಿಳುಪಾಗಿ ಪಾರದರ್ಶಕವಾಗಿಯೂ ಎಳೆಗರಿಯ ಬುಡ ನೇರಳೆಗಪ್ಪಾಗಿಯೂ ಕಾಣುವುದು ಈ ಕಾರಣದಿಂದ. ಸಾಕುವವರು ಇದನ್ನು ‘ಬ್ಲಡ್ ಫೆದರ್’ ಎನ್ನುತ್ತಾರೆ. ವಾರಗಳು ಕಳೆದಂತೆ ತುದಿಯ ಕಡೆಯಿಂದ ಪೊರೆ ಒಣಗಿ ಹೊಟ್ಟಾಗಿ ಉದುರುತ್ತದೆ, ಎಸಳುಗಳು ಬಿಚ್ಚಿಕೊಳ್ಳುತ್ತವೆ, ರಕ್ತ ಬುಡದ ಕಡೆಗೆ ಹಿಂದೆ ಸರಿಯುತ್ತದೆ, ಕೊನೆಗೆ ನಳಿಕೆ ಮುಚ್ಚಿಕೊಂಡು ಗರಿ ಪೂರ್ತಿ ಜಡವಾಗುತ್ತದೆ.

ಇಂಥ ಎಳೆಗರಿ ಅರ್ಧದಲ್ಲಿ ಮುರಿದರೆ ಅದು ತೆರೆದ ನಲ್ಲಿಯಂತೆ ರಕ್ತ ಸುರಿಸಬಲ್ಲದು. ಮೂವತ್ತು ಮೂವತ್ತೈದು ಗ್ರಾಂ ತೂಗುವ ಬಜರಿಗಾರ್‌ನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 3 ಮಿಲಿಲೀಟರ್, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಆದ್ದರಿಂದ ಪಂಜರದ ತಳದ ಕಾಗದದ ಮೇಲೆ ಬಿದ್ದ ಹತ್ತಾರು ಹನಿಗಳು ಅದರ ಪಾಲಿಗೆ ಸಣ್ಣ ನಷ್ಟವಲ್ಲ. ಹಿಂದೆ ಇದಕ್ಕೆ ಒಂದೇ ಉಪಾಯ ಹೇಳುತ್ತಿದ್ದರು: ಮುರಿದ ಗರಿಯನ್ನು ಬುಡದಲ್ಲಿ ಚಿಮಟದಿಂದ ಹಿಡಿದು, ರೆಕ್ಕೆಯ ಮೂಳೆಗೆ ಆಧಾರ ಕೊಟ್ಟು, ಗರಿ ಬೆಳೆದ ದಿಕ್ಕಿನಲ್ಲಿಯೇ ಒಮ್ಮೆಗೇ ಎಳೆದು ತೆಗೆಯುವುದು. ಈಗ ಹಕ್ಕಿಗಳ ಚಿಕಿತ್ಸೆಯಲ್ಲಿ ಪಳಗಿದ ವೈದ್ಯರು ಮೊದಲು ಹತ್ತಿ ಅಥವಾ ತೆಳುಬಟ್ಟೆಯಿಂದ ಒತ್ತಿಹಿಡಿಯಲು, ಮುರಿದ ತುದಿಗೆ ಕಾರ್ನ್‌ಫ್ಲೋರ್ ಮೆತ್ತಲು, ಹಕ್ಕಿಯನ್ನು ಮಬ್ಬುಗತ್ತಲಲ್ಲಿ ಸದ್ದಿಲ್ಲದೆ ಇರಿಸಲು ಹೇಳುತ್ತಾರೆ. ರಕ್ತ ನಿಂತರೆ ಗರಿಯನ್ನು ಕೀಳುವ ಅಗತ್ಯವಿಲ್ಲ. ರೆಕ್ಕೆಯ ತುದಿಭಾಗದ ದೊಡ್ಡ ಗರಿಗಳ ಗುಳಿಗಳು ಮೂಳೆಯ ಮೇಲ್ಪೊರೆಗೇ ಅಂಟಿಕೊಂಡಿರುವುದರಿಂದ ಕೀಳುವುದು ತೀವ್ರ ನೋವಿನ ಕೆಲಸ, ಗುಳಿ ಹರಿದರೆ ಮುಂದೆ ಅಲ್ಲಿ ಬರುವ ಗರಿ ಸೊಟ್ಟಗಾಗಬಹುದು ಅಥವಾ ಬಾರದೆಯೂ ಹೋಗಬಹುದು ಎಂಬುದು ಈ ಬದಲಾವಣೆಗೆ ಕಾರಣ. ರಕ್ತ ನಿಲ್ಲದಿದ್ದಾಗ ಕೀಳುವುದು ಅನಿವಾರ್ಯವಾಗುತ್ತದೆ, ಮತ್ತು ಅದನ್ನು ವೈದ್ಯರೇ ಮಾಡಬೇಕು. ಮತ್ತಿಕೆರೆಯವರಿಗೆ 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಹಕ್ಕಿಗೆ ಮನುಷ್ಯನಿಗಿರುವಂಥ ವಪೆ ಇಲ್ಲದ ಕಾರಣ ಅದು ಎದೆಗೂಡನ್ನು ಹಿಗ್ಗಿಸಿ ಕುಗ್ಗಿಸಿಯೇ ಉಸಿರಾಡಬೇಕು. ರಕ್ತ ನಿಲ್ಲಿಸುವ ಗಾಬರಿಯಲ್ಲಿ ಎದೆಯನ್ನು ಬಿಗಿಯಾಗಿ ಹಿಡಿದರೆ ಗರಿಯಿಂದ ಸಾಯದ ಹಕ್ಕಿ ಕೈಯಿಂದ ಸಾಯುತ್ತದೆ.

ಗರಿಯ ಈ ಎರಡು ಅವಸ್ಥೆಗಳು ದಾರ್ಶನಿಕವಾಗಿ ಮಹತ್ವದವು. ಚೇತನವಾದ ಬ್ರಹ್ಮದಿಂದ ಅಚೇತನವಾದ ಜಗತ್ತು ಹುಟ್ಟಲಾರದು, ಏಕೆಂದರೆ ಕಾರಣಕ್ಕೂ ಕಾರ್ಯಕ್ಕೂ ಸ್ವಭಾವಸಾಮ್ಯ ಬೇಕು ಎಂಬ ಆಕ್ಷೇಪಕ್ಕೆ ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಉತ್ತರಿಸುವಾಗ, ಚೇತನನೆಂದು ಪ್ರಸಿದ್ಧನಾದ ಪುರುಷನಿಂದ ಅಚೇತನವಾದ ಕೂದಲು ಉಗುರುಗಳು ಹುಟ್ಟುವುದನ್ನು ಉದಾಹರಿಸುತ್ತಾರೆ. ಜೀವಂತ ಪುರುಷನಿಂದ ಕೇಶಲೋಮಗಳು ಹುಟ್ಟುವ ದೃಷ್ಟಾಂತ ಮುಂಡಕೋಪನಿಷತ್ತಿನಲ್ಲಿಯೂ ಇದೆ. ಅಚೇತನವಾದ ದೇಹವೇ ಅಚೇತನವಾದ ಕೂದಲಿಗೆ ಕಾರಣವೆಂದು ಪ್ರತಿವಾದಿ ಮತ್ತೆ ಎದ್ದರೆ, ಹಾಗಾದರೂ ದೇಹಕ್ಕೂ ಕೂದಲಿಗೂ ಇರುವ ವೈಲಕ್ಷಣ್ಯ, ಅಂದರೆ ಸ್ವಭಾವಭೇದ, ಅಳಿಯುವುದಿಲ್ಲವೆಂದು ಭಾಷ್ಯಕಾರರು ವಾದವನ್ನು ಬಿಗಿಗೊಳಿಸುತ್ತಾರೆ. ಕೂದಲಿನ ಜೀವಂತ ಭಾಗ ಚರ್ಮದೊಳಗೇ ಮುಗಿದುಹೋಗುವುದರಿಂದ ಈ ದೃಷ್ಟಾಂತದಲ್ಲಿ ಚೇತನದ ಗಡಿ ಕಣ್ಣಿಗೆ ಬೀಳುವುದಿಲ್ಲ. ಹೊರಗೆ ಕಾಣುವುದೆಲ್ಲ ಆಗಲೇ ಜಡವಾಗಿರುತ್ತದೆ. ಗರಿಯಲ್ಲಾದರೋ ಆ ಗಡಿ ಚರ್ಮದಿಂದ ಹೊರಗೆ, ಗಾಳಿಯಲ್ಲಿ, ವಾರಗಳ ಕಾಲ ತೆರೆದಿರುತ್ತದೆ ಮತ್ತು ದಿನದಿನಕ್ಕೂ ಸ್ಥಳ ಬದಲಿಸುತ್ತದೆ. ಒಂದೇ ಗರಿಯ ತುದಿ ಜಡ, ಬುಡ ಸಜೀವ. ಕಾರಣಕಾರ್ಯಗಳ ಭೇದವನ್ನು ಸಾಧಿಸಲು ಗರಿ ಕೂದಲಿನಷ್ಟೇ ಒದಗುತ್ತದೆ. ಆದರೆ ಅದರ ಯಾವ ಬಿಂದುವನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬ ಆಚಾರದ ಪ್ರಶ್ನೆಗೆ ಈ ದೃಷ್ಟಾಂತ ಸಾಲದು, ಅದು ಹುಟ್ಟಿದ್ದೂ ಆ ಪ್ರಶ್ನೆಗಾಗಿ ಅಲ್ಲ.

ಆ ಪ್ರಶ್ನೆಯನ್ನು ಹತ್ತಿರದಿಂದ ಎದುರಿಸಿದ ಪರಂಪರೆ ಜೈನರದು. ಜೀವವು ತಾನು ಪಡೆದ ದೇಹದಷ್ಟೇ ಪರಿಮಾಣದ್ದು, ದೇಹವನ್ನೆಲ್ಲ ವ್ಯಾಪಿಸಿರುವಂಥದ್ದು ಎಂಬ ‘ಸ್ವದೇಹಪರಿಮಾಣ’ದ ಸಿದ್ಧಾಂತವನ್ನು ಗರಿಗೆ ಅನ್ವಯಿಸಿದರೆ ರಕ್ತ ಹರಿಯುವ ಎಳೆಗರಿಯನ್ನು ಹಕ್ಕಿಯ ಮೈಯೆಂದೂ ಒಣಗಿ ಉದುರಿದ ಗರಿಯನ್ನು ಹಕ್ಕಿ ಬಿಟ್ಟುಕೊಟ್ಟ ವಸ್ತುವೆಂದೂ ತಿಳಿಯಬೇಕಾಗುತ್ತದೆ. ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿ ಈ ತಿಳಿವಳಿಕೆಯ ಆಚಾರರೂಪ. ಕೂರುವ ಮಲಗುವ ಜಾಗದಿಂದ ಸೂಕ್ಷ್ಮಜೀವಿಗಳನ್ನು ನೋಯಿಸದೆ ಸರಿಸಲು ಬಳಸುವ ಈ ಗರಿಗಳ ಕುಂಚವನ್ನು ನವಿಲು ತಾನಾಗಿ ಉದುರಿಸಿದ ಗರಿಗಳಿಂದಲೇ ಕಟ್ಟಬೇಕು. ಧೂಳು ಹಿಡಿಯದಿರುವುದು, ಬೆವರು ಹೀರದಿರುವುದು, ಮೃದುತ್ವ, ಸೌಕುಮಾರ್ಯ, ಹಗುರತೆ ಎಂಬ ಐದು ಗುಣಗಳನ್ನು ಮುನಿಧರ್ಮದ ಗ್ರಂಥಗಳು ಅದಕ್ಕೆ ಹೇಳುತ್ತವೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಬರುವ ಗೃಧ್ರಪಿಂಛ, ಬಲಾಕಪಿಂಛ ಎಂಬ ಆಚಾರ್ಯರ ಹೆಸರುಗಳಲ್ಲಿಯೇ ಹದ್ದಿನ ಮತ್ತು ಬೆಳ್ಳಕ್ಕಿಯ ಗರಿಗಳಿವೆ. ಕಿತ್ತ ಗರಿಯೋ ಉದುರಿದ ಗರಿಯೋ ಎಂಬುದಕ್ಕೆ ಸಾಕ್ಷಿ ಗರಿಯ ಬುಡದಲ್ಲಿಯೇ ಉಳಿಯುತ್ತದೆ: ತಾನಾಗಿ ಉದುರಿದ್ದರ ಬುಡ ಮುಚ್ಚಿಕೊಂಡು ಶುಭ್ರವಾಗಿರುತ್ತದೆ, ಕಿತ್ತದ್ದರಲ್ಲಿ ರಕ್ತದ ಅಥವಾ ಮಾಂಸದ ಕುರುಹು ಅಂಟಿರಬಹುದು. ನವಿಲಿನ ಬೇಟೆಯನ್ನು ಪತ್ತೆಹಚ್ಚುವವರು ನೋಡುವುದೂ ಇದನ್ನೇ. ನವಿಲನ್ನು ಕೊಲ್ಲುವುದನ್ನು ನಿಷೇಧಿಸಿದ ಕಾಯ್ದೆ ಅದರ ಬಾಲದ ಗರಿಗಳಿಗೆ ದೇಶದೊಳಗೆ ವಿನಾಯಿತಿ ಕೊಟ್ಟಿರುವುದರಿಂದ ಈ ಸಾಕ್ಷಿಗೆ ವ್ಯವಹಾರದ ಬೆಲೆಯೂ ಬಂದಿದೆ.

ಹಾಗಾದರೆ ವೈದ್ಯನು ರಕ್ತಸಹಿತವಾದ ಗರಿಯನ್ನು ಕೀಳುವುದು ಹಿಂಸೆಯೇ? ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ಲಕ್ಷಣೀಕರಿಸುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ, ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ವ್ಯಾಪಾರದಿಂದ ಆದ ಪ್ರಾಣಹಾನಿಯೆಂದು ಬಿಗಿಗೊಳಿಸುತ್ತದೆ. ಇಲ್ಲಿ ಪ್ರಮಾದವೆಂದರೆ ಕಷಾಯಗಳಿಗೆ, ಎಂದರೆ ಕ್ರೋಧ ಲೋಭಾದಿಗಳಿಗೆ, ಒಳಗಾದ ಎಚ್ಚರಗೇಡಿತನ. ಅದರ ಮೇಲೆ ಸರ್ವಾರ್ಥಸಿದ್ಧಿ ಎಂಬ ಟೀಕೆ ಬರೆದ ಪೂಜ್ಯಪಾದರು, ನೆಲ ನೋಡಿ ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಕ್ರಿಮಿಯೊಂದು ಸಿಕ್ಕಿ ಸತ್ತರೂ ಅವನಿಗೆ ಕರ್ಮಬಂಧವಿಲ್ಲ, ಎಚ್ಚರವಿಲ್ಲದವನಿಗೆ ಜೀವಿ ಸಾಯಲಿ ಬದುಕಲಿ ಹಿಂಸೆ ನಿಶ್ಚಿತ ಎಂಬ ಪೂರ್ವಾಚಾರ್ಯರ ನಿಲುವನ್ನು ಎತ್ತಿಹಿಡಿಯುತ್ತಾರೆ. ಕನ್ನಡದಲ್ಲಿ ಈ ತತ್ತ್ವದ ಎರಡನೆಯ ಅರ್ಧಕ್ಕೆ 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಗಿಂತ ತೀಕ್ಷ್ಣವಾದ ನಿರೂಪಣೆ ಇಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರ ಬಲಿಕೊಟ್ಟದ್ದು ಹಿಟ್ಟಿನ ಕೋಳಿ. ಅದಕ್ಕೆ ರಕ್ತವಿಲ್ಲ, ಎಳೆಗರಿಯಿಲ್ಲ, ನೋವಿಲ್ಲ. ಆದರೂ ಕೊಲ್ಲುವ ಸಂಕಲ್ಪ ಪೂರ್ಣವಾಗಿದ್ದುದರಿಂದ ತಾಯಿಮಕ್ಕಳು ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಿ, ಕೊನೆಗೆ ನಿಜವಾದ ಕೋಳಿಗಳಾಗಿ ಹುಟ್ಟಿ ಬಾಣಕ್ಕೆ ಬಲಿಯಾದ ಮೇಲಷ್ಟೇ ಮನುಷ್ಯಜನ್ಮಕ್ಕೆ ಮರಳುತ್ತಾರೆ. ಚಿಕಿತ್ಸೆಯ ಮೇಜಿನ ಮೇಲೆ ನಡೆಯುವುದು ಇದರ ತದ್ವಿರುದ್ಧ: ರಕ್ತವಿದೆ, ಚೀತ್ಕಾರವಿದೆ, ಕೊಲ್ಲುವ ಅಥವಾ ನೋಯಿಸುವ ಸಂಕಲ್ಪವಿಲ್ಲ. ಬೌದ್ಧರ ಮಜ್ಝಿಮನಿಕಾಯದಲ್ಲಿ ಬುದ್ಧನು ಅಭಯನೆಂಬ ರಾಜಕುಮಾರನನ್ನು, ಮಡಿಲ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುವೆಯೆಂದು ಕೇಳಿದಾಗ, ರಕ್ತ ಬಂದರೂ ಸರಿ ಬೆರಳು ಹಾಕಿ ತೆಗೆಯುತ್ತೇನೆ, ಅದು ಮಗುವಿನ ಮೇಲಿನ ಅನುಕಂಪದಿಂದ ಎಂದು ಅವನು ಉತ್ತರಿಸುವ ಪ್ರಸಂಗವೂ ಇದೇ ನೆಲೆಯದು.

ಇಷ್ಟಕ್ಕೇ ನಿಂತರೆ ಪ್ರಶ್ನೆ ಬಗೆಹರಿದಂತೆ ಕಾಣುತ್ತದೆ, ಮತ್ತು ಸಾಕುವವರಿಗೆ ಇಷ್ಟಕ್ಕೇ ನಿಲ್ಲುವ ಆಸೆಯೂ ಸಹಜ. ಆದರೆ ಗರಿ ಮುರಿದದ್ದು ಏಕೆ ಎಂಬುದನ್ನು ಕೇಳಿದೊಡನೆ ಲೆಕ್ಕ ಬದಲಾಗುತ್ತದೆ. ಗರಿ ಬದಲಿಸುವ ಕಾಲದಲ್ಲಿ ಹಕ್ಕಿ ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಒಟ್ಟಿಗೆ ಕಳಚುವುದಿಲ್ಲ; ಒಂದೆರಡರಂತೆ, ಎರಡೂ ರೆಕ್ಕೆಗಳಲ್ಲಿ ಹೆಚ್ಚುಕಡಿಮೆ ಸರಿಸಮನಾಗಿ ಉದುರಿಸುತ್ತದೆ, ಆದ್ದರಿಂದ ಹೊಸದಾಗಿ ಬರುವ ಎಳೆಗರಿಗೆ ಇಕ್ಕೆಲದಲ್ಲಿಯೂ ಬಲಿತ ಗರಿಗಳ ಕಾವಲಿರುತ್ತದೆ. ಹಾರಿಹೋಗದಿರಲೆಂದು ರೆಕ್ಕೆಯ ಗರಿಗಳನ್ನು ಸಾಲಾಗಿ ಕತ್ತರಿಸಿದ ಹಕ್ಕಿಗೆ ಈ ಕಾವಲು ಇರುವುದಿಲ್ಲ. ಕತ್ತರಿಸಿದ ಮೋಟುಗಳ ನಡುವೆ ಎಳೆಗರಿ ಒಂಟಿಯಾಗಿ ಚಾಚಿಕೊಂಡು ಬರುತ್ತದೆ, ಹಕ್ಕಿ ರೆಕ್ಕೆ ಬಡಿದಾಗಲೆಲ್ಲ ಪಂಜರದ ಸರಳಿಗೆ ಮೊದಲು ತಾಗುವುದು ಅದೇ, ಹಾರಲು ಹೋಗಿ ನೆಲಕ್ಕೆ ಬಿದ್ದಾಗ ಮೊದಲು ಮುರಿಯುವುದೂ ಅದೇ. ಕಾಕಟೀಲ್‌ಗಳು ರಾತ್ರಿ ಸಣ್ಣ ಸದ್ದಿಗೂ ಬೆಚ್ಚಿ ಕತ್ತಲಲ್ಲಿ ಪಂಜರದ ತುಂಬ ಬಡಿದಾಡುವ ಸ್ವಭಾವದವು. ದೀಪಾವಳಿಯ ಪಟಾಕಿ, ಬಾಲ್ಕನಿಗೆ ನುಗ್ಗುವ ಬೆಕ್ಕು, ಗೋಡೆಯ ಮೇಲೆ ಹಾಯುವ ವಾಹನದ ಬೆಳಕು, ಯಾವುದಾದರೂ ಸಾಕು. ಗರಿ ಕಿತ್ತು ತೆಗೆದರೆ ಆ ಗುಳಿಯಲ್ಲಿ ಕೂಡಲೇ ಇನ್ನೊಂದು ಎಳೆಗರಿ ಹೊರಡುತ್ತದೆ, ಅದಕ್ಕೂ ಕಾವಲಿಲ್ಲ, ಅದೂ ಮುರಿಯುತ್ತದೆ. ಕಾರಣವನ್ನು ಉಳಿಸಿಕೊಂಡು ಕಾರ್ಯಕ್ಕೆ ಚಿಕಿತ್ಸೆ ಮಾಡುವ ಈ ಸರಣಿಯಲ್ಲಿ ಪ್ರತಿಸಲದ ದಯೆಯೂ ನಿಜವಾದದ್ದೇ. ಅದು ಹಿಂದಿನ ಕತ್ತರಿಯ ಸಾಲಕ್ಕೆ ಕಟ್ಟುವ ಬಡ್ಡಿಯೂ ಹೌದು.

ಅಹಿಂಸಾಣುವ್ರತವನ್ನು, ಅಂದರೆ ಗೃಹಸ್ಥನು ತನ್ನ ಶಕ್ತಿಗೆ ತಕ್ಕಂತೆ ಪಾಲಿಸುವ ಅಹಿಂಸೆಯ ಸಣ್ಣ ವ್ರತವನ್ನು, ಕೆಡಿಸುವ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೆಸರಿಸುತ್ತದೆ: ಬಂಧ, ಎಂದರೆ ಕಟ್ಟಿಹಾಕುವುದು, ವಧ, ಇಲ್ಲಿ ಹೊಡೆಯುವುದು, ಛೇದ, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಎತ್ತು, ಕುದುರೆ, ಆಳುಗಳಿದ್ದ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಹೇಳಿದ ಮಾತುಗಳಿವು. ಆದರೂ ಮೊದಲ ಮತ್ತು ಮೂರನೆಯ ಹೆಸರುಗಳು ಬಾಲ್ಕನಿಯ ಪಂಜರದತ್ತ ತಿರುಗಿಯೇ ನಿಲ್ಲುತ್ತವೆ. ಬಲಿತ ಗರಿಯನ್ನು ಕತ್ತರಿಸುವುದು ಉಗುರು ಕತ್ತರಿಸಿದಂತೆ, ಅದರಲ್ಲಿ ನೋವಿಲ್ಲ, ಆದ್ದರಿಂದ ಛೇದವಲ್ಲ ಎಂಬ ಸಮರ್ಥನೆ ಸಾಮಾನ್ಯ. ಜಡವಾದ ಕೆರಟಿನ್ನಿನ ಮಟ್ಟಿಗೆ ಅದು ಸರಿಯೇ. ಆದರೆ ಅಂಗವೆಂಬುದು ನೋವಿನ ನೆಲೆ ಮಾತ್ರವಾಗಿರದೆ ಕ್ರಿಯೆಯ ಸಾಧನವೂ ಆಗಿದೆ. ಜೈನರು ಪಂಚೇಂದ್ರಿಯ ಜೀವಿಗೆ ಹೇಳುವ ಪ್ರಾಣಗಳಲ್ಲಿ ಇಂದ್ರಿಯ, ಉಸಿರು, ಆಯುಸ್ಸುಗಳ ಜೊತೆಗೆ ಕಾಯಬಲವೂ ಸೇರಿದೆ. ಹಾರಾಟವೇ ಕಾಯಬಲವಾಗಿರುವ ಜೀವಿಗೆ ಗರಿಸಾಲನ್ನು ಕತ್ತರಿಸುವುದು ಒಂದು ಹನಿ ರಕ್ತವನ್ನೂ ಚೆಲ್ಲದೆ ಪ್ರಾಣವೊಂದನ್ನು ಕುಗ್ಗಿಸುವುದೇ ಆಗುತ್ತದೆ. ರಕ್ತ ಬಂದ ಚಿಕಿತ್ಸೆಗಿಂತ ರಕ್ತ ಬಾರದ ಕತ್ತರಿಯೇ ಹಿಂಸೆಗೆ ಹೆಚ್ಚು ಹತ್ತಿರವೆಂಬ ಈ ತೀರ್ಮಾನ ಮೊದಲಿಗೆ ವಿಚಿತ್ರವೆನಿಸಿದರೂ, ಹಿಟ್ಟಿನ ಕೋಳಿಯ ಕಥೆಯನ್ನು ಒಪ್ಪಿಕೊಂಡ ನಾಡಿಗೆ ವಿಚಿತ್ರವಾಗಬೇಕಿಲ್ಲ.

ಗರಿ ಕತ್ತರಿಸುವವರೆಲ್ಲ ಕ್ರೂರಿಗಳೆಂದು ಇದರ ಅರ್ಥವಲ್ಲ. ಗಿಣಿಶಾಸ್ತ್ರ ಹೇಳುವವರು ಗಿಣಿಯ ರೆಕ್ಕೆ ಮೊಟಕುಗೊಳಿಸುತ್ತಿದ್ದುದು ಜೀವನೋಪಾಯಕ್ಕಾಗಿ. ಮನೆಯಲ್ಲಿ ಸಾಕುವವರು ಹೇಳುವ ಕಾರಣ ಬೇರೆ, ಮತ್ತು ಅದು ಕೇವಲ ನೆಪವಲ್ಲ. ತಿರುಗುವ ಸೀಲಿಂಗ್ ಫ್ಯಾನ್, ಒಲೆಯ ಮೇಲಿನ ಕಾದ ಎಣ್ಣೆ, ತೆರೆದ ಬಾಗಿಲು ಇವೆಲ್ಲ ಹಾರಬಲ್ಲ ಹಕ್ಕಿಗೆ ನಿಜವಾದ ಅಪಾಯಗಳು. ಹಾಗೆಂದು ಪಂಜರ ತೆರೆದು ಬಿಟ್ಟುಬಿಡುವುದೂ ಪರಿಹಾರವಲ್ಲ. ತಲೆಮಾರುಗಳಿಂದ ಪಂಜರದಲ್ಲಿಯೇ ಹುಟ್ಟಿದ ಬಜರಿಗಾರ್‌ಗೆ ಮತ್ತಿಕೆರೆಯಲ್ಲಿ ಆಹಾರ ಹುಡುಕಲು ತಿಳಿಯದು, ಕಾಗೆ ಹದ್ದುಗಳಿಂದ ತಪ್ಪಿಸಿಕೊಳ್ಳಲೂ ತಿಳಿಯದು. 2015ರಲ್ಲಿ ದೆಹಲಿ ಹೈಕೋರ್ಟ್ ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಹಕ್ಕಿದೆಯೆಂದು ಹೇಳಿದಾಗ ಬಹಳ ಮಂದಿ ಹರ್ಷಪಟ್ಟರು. ಆ ಹಕ್ಕನ್ನು ಪರದೇಶದ ಪುಟ್ಟ ಹಕ್ಕಿಗೆ ಬೆಂಗಳೂರಿನ ಆಕಾಶದಲ್ಲಿ ಹೇಗೆ ಕೊಡಬೇಕೆಂಬ ಕಷ್ಟ ಹಾಗೆಯೇ ಉಳಿಯಿತು. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದಲ್ಲಿರುವ ಪಕ್ಷಿಗಳ ಧರ್ಮಾಸ್ಪತ್ರೆ ಚಿಕಿತ್ಸೆಗೆ ಬಂದ ಹಕ್ಕಿಗಳನ್ನು ಗುಣವಾದ ಮೇಲೆ ಹಾರಲು ಬಿಡುತ್ತದೆ. ಮಾಂಸಾಹಾರಿ ಹಕ್ಕಿಗಳಿಗೆ ಚಿಕಿತ್ಸೆ ಕೊಟ್ಟರೂ ಒಳಗೆ ಉಳಿಸಿಕೊಳ್ಳುವುದಿಲ್ಲ. ಅಹಿಂಸೆಯ ಸಂಸ್ಥೆಗೂ ಯಾರ ಪ್ರಾಣ, ಎಷ್ಟರಮಟ್ಟಿಗೆ ಎಂದು ಗೆರೆ ಎಳೆಯದೆ ನಡೆಯಲಾಗಿಲ್ಲ. ಒಂದು ಸಲ ಬಂಧದಲ್ಲಿಟ್ಟ ಜೀವಿಯ ಮಟ್ಟಿಗೆ ಬಂಧವನ್ನು ಬಿಚ್ಚುವುದು ಹಲವು ವೇಳೆ ಹೊಸ ಹಿಂಸೆಯಾಗುತ್ತದೆ, ಹಾಗಾಗಿ ಹೊಣೆ ಸಾಕುವವನ ಮೇಲೆಯೇ ಉಳಿಯುತ್ತದೆ.

ಈ ಹೊಣೆಯ ಸ್ವರೂಪವನ್ನು ಗುರುತಿಸಲು ಮುನಿಗಳ ಈರ್ಯಾಸಮಿತಿ ಸಹಾಯಕ. ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ಕಣ್ಣಿಟ್ಟು ನೋಡುತ್ತ, ಹಗಲಿನ ಬೆಳಕಿನಲ್ಲಿ ಮಾತ್ರ ನಡೆಯಬೇಕೆಂಬ ಈ ನಿಯಮದಲ್ಲಿ ಅಹಿಂಸೆ ಭಾವನೆಯಾಗಿ ಉಳಿಯದೆ ನೋಟದ ಶಿಸ್ತಾಗಿದೆ. ರೆಕ್ಕೆಯನ್ನು ಮುಟ್ಟುವ ಮೊದಲು ಬೆಳಕಿಗೆ ಹಿಡಿದು ಯಾವ ಬುಡ ಕಪ್ಪಗಿದೆ ಎಂದು ನೋಡುವುದು ಅದೇ ಜಾತಿಯ ಶಿಸ್ತು. ತಲೆ ಮತ್ತು ಕೊರಳಿನ ಮೇಲೆ ಬರುವ ಎಳೆಗರಿಗಳನ್ನು ಹಕ್ಕಿ ತನ್ನ ಕೊಕ್ಕಿನಿಂದ ತಲುಪಲಾರದು. ಜೋಡಿ ಹಕ್ಕಿಯಿದ್ದರೆ ಅದು ಪೊರೆಯನ್ನು ಕಡಿದು ಬಿಡಿಸಿಕೊಡುತ್ತದೆ, ಒಂಟಿ ಹಕ್ಕಿ ಆ ಕೆಲಸಕ್ಕೆ ಸಾಕಿದವರ ಬೆರಳಿಗೆ ತಲೆಯೊಡ್ಡುತ್ತದೆ. ಒಣಗಿದ ಬಿಳಿ ಪೊರೆಯನ್ನು ಎರಡು ಉಗುರುಗಳ ನಡುವೆ ಹಗುರವಾಗಿ ಉಜ್ಜಿದರೆ ಹಿಟ್ಟಿನಂತೆ ಉದುರಿ ಹೊಸ ಬಣ್ಣ ಬಿಚ್ಚಿಕೊಳ್ಳುತ್ತದೆ. ಇನ್ನೂ ಕಪ್ಪಿರುವ ಬುಡವನ್ನು ಅದೇ ಬೆರಳು ತಪ್ಪಿ ಒತ್ತಿದರೆ ಹಕ್ಕಿ ಕಿರುಚಿ ಕಚ್ಚುತ್ತದೆ. ಹಕ್ಕಿ ಪ್ರತಿಸಲವೂ ಹೀಗೆ ತಿಳಿಸುತ್ತದೆಯೆಂದೂ ನೆಚ್ಚುವಂತಿಲ್ಲ. ಬೇಟೆಗಾರರ ಕಣ್ಣಿಗೆ ಬೀಳದಿರಲೆಂದು ನೋವು ಕಾಯಿಲೆಗಳನ್ನು ಮುಚ್ಚಿಡುವುದು ಅದರ ಹುಟ್ಟುಗುಣವಾದ್ದರಿಂದ, ಅದು ಸುಮ್ಮನಿದೆ ಎಂಬುದರಿಂದ ನೋವಿಲ್ಲವೆಂದು ಊಹಿಸುವುದು ಪ್ರಮಾದದ ಇನ್ನೊಂದು ರೂಪ. ದಿಗಂಬರ ಮುನಿ ಕೇಶಲೋಚದಲ್ಲಿ ತನ್ನ ತಲೆಗೂದಲನ್ನು ತಾನೇ ಕೀಳುವಾಗ ನೋವೂ ಅವನದು, ನಿರ್ಧಾರವೂ ಅವನದು. ಹಕ್ಕಿಯ ವಿಷಯದಲ್ಲಿ ಇವೆರಡೂ ಬೇರೆ ಬೇರೆ ದೇಹಗಳಲ್ಲಿವೆ.

ಕತ್ತರಿಸಿದ ರೆಕ್ಕೆಗೆ ಹಾರಾಟವನ್ನು ಹಿಂದಿರುಗಿಸುವ ಕಲೆಯೊಂದು ಬೇಟೆಹಕ್ಕಿ ಸಾಕುವವರಲ್ಲಿ ಬಹಳ ಹಿಂದಿನಿಂದ ಇದೆ: ಉದುರಿದ ಗರಿಯನ್ನು ತೆಗೆದಿರಿಸಿಕೊಂಡು, ಮುರಿದ ಗರಿಯ ಟೊಳ್ಳು ಮೋಟಿಗೆ ತೆಳುವಾದ ಕಡ್ಡಿಯ ಸಹಾಯದಿಂದ ಕಸಿ ಮಾಡುವುದು. ಯುರೋಪಿನಲ್ಲಿ ಹದಿಮೂರನೆಯ ಶತಮಾನದ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಡೇಗೆಗಳ ಬಗ್ಗೆ ಬರೆದ ಗ್ರಂಥದಲ್ಲಿ ಇದರ ಪ್ರಸ್ತಾಪವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅದಕ್ಕೂ ಒಂದು ಶತಮಾನ ಹಿಂದೆಯೇ ಡೇಗೆಯ ಬೇಟೆಯನ್ನು ಅರಸರ ವಿನೋದಗಳಲ್ಲಿ ಒಂದಾಗಿ ವರ್ಣಿಸಿದೆ. ಕೊಲ್ಲುವ ವಿನೋದಕ್ಕಾಗಿ ಬೆಳೆದ ಈ ಕಸಿವಿದ್ಯೆಯನ್ನು ಇಂದು ಗಾಯಗೊಂಡ ಹಕ್ಕಿಗಳನ್ನು ಕಾಡಿಗೆ ಮರಳಿಸುವವರು ಬಳಸುತ್ತಾರೆ. ಅದು ಸಾಧ್ಯವಾಗುವುದು ರಕ್ತ ಪೂರ್ತಿ ಹಿಂದೆ ಸರಿದ ಬಲಿತ ಗರಿಯ ಮೇಲೆ ಮಾತ್ರ. ಬಾಲ್ಕನಿಯ ಕಾಕಟೀಲ್‌ಗೆ ಸಾಮಾನ್ಯವಾಗಿ ಅಷ್ಟೆಲ್ಲ ಬೇಕಾಗುವುದಿಲ್ಲ. ಮತ್ತೆ ಕತ್ತರಿಸದೆ ಬಿಟ್ಟರೆ ಮುಂದೆ ಗರಿ ಬದಲಿಸುವ ಕಾಲಗಳಲ್ಲಿ ಮೋಟುಗಳು ಒಂದೊಂದಾಗಿ ಉದುರಿ, ತಿಂಗಳುಗಳಲ್ಲಿ ರೆಕ್ಕೆ ತಾನೇ ತುಂಬಿಕೊಳ್ಳುತ್ತದೆ. ಅಷ್ಟು ಕಾಲ ಪಂಜರದ ಕಡ್ಡಿಯನ್ನು ತಗ್ಗಿನಲ್ಲಿ ಕಟ್ಟಬೇಕು, ತಳಕ್ಕೆ ಮೆತ್ತನೆಯ ಬಟ್ಟೆ ಹಾಸಬೇಕು, ರಾತ್ರಿ ಒಂದು ಮಂದ ದೀಪ ಉರಿಯಬೇಕು, ಹಕ್ಕಿ ಹೊರಗಿರುವ ಹೊತ್ತಿನಲ್ಲಿ ಫ್ಯಾನ್ ನಿಲ್ಲಿಸಿ ಕಿಟಕಿಗೆ ಜಾಲರಿ ಹಾಕಿ ಮನೆಯವರು ಒಂದಷ್ಟು ಸೆಕೆಯನ್ನು ಸಹಿಸಿಕೊಳ್ಳಬೇಕು.